ಚೌಕಟ್ಟಿನ ಹಸಿರು ಎಲೆಗಳು

ಕಳೆದ ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ, ತೀರ್ಥಹಳ್ಳಿಯ ನಮ್ಮ ಅಣ್ಣನ ಮನೆಯಲ್ಲಿ, ನಮ್ಮ ಅತ್ತೆ ಫೋಟೊ ಚೌಕಟ್ಟೊಂದಕ್ಕೆ ತಮ್ಮ ಹಸಿರು ಬಳೆಯ ಚೂರುಗಳನ್ನು ಅಂಟಿಸಿದರು. ಆ ಬಳೆಗಳು ಒಡೆದದ್ದು ಯಾವಾಗ ಎಂಬುದು ನಮಗೆ ಗೊತ್ತಾದದ್ದು ಅಂಟು ಒಣಗಿದ ಮೇಲೆ.

ಅತ್ತೆ ಎಂದರೆ ಅಪ್ಪನ ತಂಗಿ. ಹೊಸನಗರದಲ್ಲಿ ಟೈಲರಿಂಗ್ ಮಾಡಿಕೊಂಡಿದ್ದಾರೆ. ಮಾಸ್ತಿಕಟ್ಟೆಯಲ್ಲಿ ಕೆಲಸಕ್ಕಿದ್ದ ಮಾವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಚೌಕಟ್ಟು ಬೇಕಾಗಿದ್ದದ್ದು ಅಣ್ಣನ ಮಗಳಿಗೆ. ಸಾಗರದ ಹುಡುಗನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ನಿಶ್ಚಿತಾರ್ಥದ ಫೋಟೊ ಹುಡುಗನ ಮನೆಗೆ ಕೊಡಬೇಕು, ಅದಕ್ಕೆ ಅಂಗಡಿಯ ಹೊಳೆಯುವ ಫ್ರೇಮ್ ಬೇಡ, ನೀವೆಲ್ಲ ಚಿಕ್ಕಂದಿನಲ್ಲಿ ಮಾಡುತ್ತಿದ್ದಂಥ ಬಳೆಚೂರಿನದ್ದೇ ಆಗಬೇಕು ಎಂದು ಹಠ ಹಿಡಿದಳು. ಪೇಟೆಯ ಫ್ಯಾನ್ಸಿ ಸ್ಟೋರಿನಿಂದ ನಾನು ಅಗ್ಗದ ಮರದ ಚೌಕಟ್ಟೊಂದನ್ನು ತಂದೆ. ಬಳೆ ಅಂಗಡಿಯವನು ಪೆಟ್ಟಿಗೆಯ ತಳದಲ್ಲಿದ್ದ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ.

ಈ ಕೆಲಸ ನಮಗೆ ಕಲಿಸಿದವರು ಅತ್ತೆಯೇ. ಚೂರನ್ನು ದೀಪದ ಉರಿಗೆ ಹಿಡಿದರೆ ಗಾಜು ಮೆತ್ತಗಾಗಿ ಬಗ್ಗುತ್ತದೆ. ತುದಿಗೆ ತುದಿ ಕೂಡಿಸಿದರೆ ಕೊಂಡಿ, ಕೊಂಡಿಗಳನ್ನು ಸೇರಿಸಿದರೆ ಸರ. ಉಳಿದ ಚೂರುಗಳನ್ನು ಹಲಸಿನ ಮೇಣದಿಂದ ರಟ್ಟಿಗೆ ಅಂಟಿಸಿ ಹೂವು, ಗಿಳಿ ಮಾಡುತ್ತಿದ್ದೆವು. ಈ ಸಲ ಮೇಣದ ಬದಲು ಟ್ಯೂಬಿನ ಅಂಟು.

ಕೆಂಪು ಹೂಗಳು ಮುಗಿದವು. ಎಲೆಗಳಿಗೆ ಹಸಿರು ಸಾಲಲಿಲ್ಲ. ಅಂಗಡಿಗೆ ಹೋಗಿ ಬರುತ್ತೇನೆಂದು ಎದ್ದೆ.

“ಕೂತ್ಕ ಮಾರಾಯ್ತಿ. ನೀನು ಬತ್ತೀಯ ಅಂತ ಅಂಗಡಿಯೋರು ಬಳೆ ಒಡೀತಾ ಕೂತಿದಾರಾ?” ಎಂದು ಅತ್ತೆ ತಮ್ಮ ಚೀಲದಿಂದ ಹಳೆಯ ಪೌಡರ್ ಡಬ್ಬಿಯೊಂದನ್ನು ತೆಗೆದರು. ಒಳಗೆ ಬಂಗಾರದ ಗೆರೆಯ ಹಸಿರು ಚೂರುಗಳಿದ್ದವು. ಒಂದೊಂದನ್ನೇ ಅಂಟಿಸಿ ಎಲೆಗಳನ್ನು ಅವರೇ ಮಾಡಿದರು. ಚೌಕಟ್ಟನ್ನು ಜಗಲಿಯ ಬಿಸಿಲಿಗಿಟ್ಟು ಊಟ ಮಾಡಿ ಬಂದೆವು. ಚೆನ್ನಾಗಿ ಒಣಗಿತ್ತು.

ಹುಡುಗಿ ಅದನ್ನು ಎತ್ತಿ ಹಿಡಿದು ನೋಡಿದಳು. “ಅಜ್ಜಿ, ಇಷ್ಟೊಂದು ಬಳೆ ಹೆಂಗೆ ಒಡ್ಕಂಡ್ರಿ? ಅಜ್ಜನ ಜೊತೆ ಜಗಳಾನಾ?”

“ನಿಮ್ಮಜ್ಜ ಜಗಳ ಆಡೋ ಜನ ಅಲ್ಲ ಕಣೇ. ಉಪ್ಪಿಲ್ದ ಸಾರನ್ನೂ ಹೊಗಳಿ ಉಣ್ತಿದ್ರು.” ಅತ್ತೆ ಬೆರಳಿಗೆ ಅಂಟಿದ್ದನ್ನು ಉಜ್ಜಿ ತೆಗೆಯುತ್ತಿದ್ದರು. “ಇದು ಅವರು ಹೋದ ಹತ್ತನೇ ದಿನ ನನ್ನ ಕೈದು ಒಡೆಸಿದ್ದು.”

ಹುಡುಗಿಯ ತಾಯಿ, ನಮ್ಮ ಅತ್ತಿಗೆ, ಎಲೆಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಎಂತ ಮಾಡಿದ್ರಿ ಅತ್ತೆ? ಅದು ಮದುವೆ ಮನೆಗೆ ಹೋಗೋದು.”

“ಗೊತ್ತು.”

“ಗೊತ್ತಿದ್ದೂ ಹಾಕಿದ್ರಾ?”

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು.

ಹಾಗೆ ಒಡೆಸಿದ ಬಳೆಯನ್ನು ಹೊಳೆಗೆ ಬಿಡುವುದು ನಮ್ಮಲ್ಲಿ ರೂಢಿ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇವು ಹೇಗೆ ಉಳಿದವು ಎಂದು ಅತ್ತೆಯನ್ನು ಕೇಳಿದೆ. ಪತ್ರಿಕೆಯ ಕೆಲಸದಲ್ಲಿ ವರ್ಷಗಟ್ಟಲೆ ಜನರನ್ನು ಪ್ರಶ್ನೆ ಕೇಳಿದ್ದೇನೆ. ಈ ಉತ್ತರಕ್ಕೆ ನಾನು ತಯಾರಿರಲಿಲ್ಲ.

“ನಿನ್ನ ಕೈಲೇ ಕೊಟ್ಟಿದ್ನಲ್ಲ, ಮರ್ತ್ಯಾ? ಹೊಳೆಗೆ ಹಾಕಿ ಬಾ ಅಂತ ನಮ್ಮತ್ತೆ ಸೆರಗಿಗೆ ಕಟ್ಟಿ ಕಳ್ಸಿದ್ರು. ನೀವೆಲ್ಲ ರಜೆಗೆ ಬಂದಿದ್ರಿ. ಬೇರೆ ಚೂರಿನ ಜೊತೆ ಬೆರೆಸಿ ನಿಮಗೆ ಆಡಕ್ಕೆ ಕೊಟ್ಟೆ. ಮಕ್ಕಳ ಕೈಲಿರೋದನ್ನ ಯಾರು ಕೇಳ್ತಾರೆ? ನೀವು ಊರಿಗೆ ಹೋದ್ಮೇಲೆ ಉಳಿದದ್ದನ್ನ ಹೆಕ್ಕಿ ಇಟ್ಕಂಡೆ.”

“ಯಾಕೆ ಇಟ್ಕಂಡ್ರಿ?”

“ಚೆಂದ ಇದ್ವು.”

ಆ ಬೇಸಿಗೆ ನನಗೆ ನೆನಪಿದೆ. ಒಂದನೇ ತರಗತಿ ಮುಗಿದಿತ್ತು. ಹಸಿರು ಗಾಜಿನ ಸರ ಕೊರಳಿಗೆ ಹಾಕಿಕೊಂಡು ಹೊಸನಗರದ ಆ ಮನೆಯ ಅಂಗಳದಲ್ಲಿ ಓಡಾಡಿದ್ದೆ. ಅತ್ತೆಯವರ ಅತ್ತೆ, ಅಂದರೆ ಮಾವನ ತಾಯಿ, ನನ್ನನ್ನು ಹತ್ತಿರ ಕರೆದು, ಸರ ಮುಟ್ಟಿ ನೋಡಿ, ಯಾರು ಮಾಡಿಕೊಟ್ಟದ್ದು ಎಂದು ಕೇಳಿದ್ದರು. ನಾನೇ ಮಾಡಿದ್ದು ಎಂದಿದ್ದೆ. ಬಾಲ್ಯದ ಆಟ ಎಂದು ನಾನು ಎಷ್ಟೋ ಜನರಿಗೆ ಹೇಳಿಕೊಂಡಿದ್ದು ಇದನ್ನೇ.

ಅತ್ತಿಗೆ ಒಳಗಿನಿಂದ ಚಾಕು ತಂದರು. ಅತ್ತೆಯೇ ಚಾಕು ತೆಗೆದುಕೊಂಡು, “ಇರಲಿ ಬಿಡೇ, ನಿನ್ನ ಮಗಳ ವಿಷಯ. ನಾನೇ ತೆಗೀತೀನಿ” ಎಂದು ಒಂದು ಎಲೆಯನ್ನು ಕೆತ್ತಿದರು. ಚೂರಿನ ಜೊತೆ ಮರದ ಬಣ್ಣವೂ ಎದ್ದು ಬಂತು.

ಹುಡುಗಿ ಚೌಕಟ್ಟನ್ನು ಕಿತ್ತುಕೊಂಡಳು. “ಇನ್ನೊಂದು ಎಲೆ ತೆಗೆದ್ರೆ ಫೋಟೊನೇ ಕೊಡಲ್ಲ ನಾನು.”

“ಅವರಿಗೆ ಗೊತ್ತಾದ್ರೆ?” ಎಂದರು ಅತ್ತಿಗೆ.

“ಯಾರು ಹೇಳ್ತಾರೆ? ನೀವಾ?” ಎಂದು ಹುಡುಗಿ ನಮ್ಮನ್ನೆಲ್ಲ ಕೇಳಿದಳು.

ಮದುವೆ ಸಾಗರದಲ್ಲಿ ನಡೆಯಿತು. ಅತ್ತೆ ಬಂದಿದ್ದರು. ಧಾರೆಯ ಹೊತ್ತಿನಲ್ಲಿ ಊಟದ ಹಾಲ್‌ನಲ್ಲಿ ಕೂತಿದ್ದರು. ಚೌಕಟ್ಟು ಈಗ ಹುಡುಗನ ಮನೆಯಲ್ಲಿ ಟಿ.ವಿ.ಯ ಪಕ್ಕದ ಗೋಡೆಯ ಮೇಲಿದೆ. ಹಸಿರು ಯಾರ ಕೈಯದ್ದೆಂದು ಆ ಮನೆಯವರಿಗೆ ಈವರೆಗೆ ಯಾರೂ ಹೇಳಿಲ್ಲ.