ಪಾಠಕ್ಕೆ ಕೂತ ಗೌಡರು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ನೆಲೋಗಿಯ ಗೌಡರೊಬ್ಬರ ಮಗನಿಗೆ ಮನೆಪಾಠ ಹೇಳುತ್ತಿದ್ದೆ. ಹುಡುಗನಿಗೆ ಹದಿನೈದು. ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಅವನ ತಲೆಗೆ ಏನೂ ಹತ್ತುತ್ತಿರಲಿಲ್ಲ. ಲೆಕ್ಕ, ಭೂಗೋಳ, ಇತಿಹಾಸ ಎಲ್ಲವನ್ನೂ ನಾನು ಕನ್ನಡದಲ್ಲಿ ಬಿಡಿಸಿ ಹೇಳಬೇಕಿತ್ತು.

ಅವನೊಬ್ಬನೇ ಆಗಿದ್ದರೆ ಹೇಗೋ ತಿದ್ದುತ್ತಿದ್ದೆ. ಆದರೆ ಮನೆಗೆ ಬಂದವರನ್ನು ಬಿಟ್ಟು ಯಜಮಾನ ಎದ್ದು ಹೋಗುವುದು ಆ ಮನೆಯಲ್ಲಿ ಮರ್ಯಾದೆಯಲ್ಲ. ಹಾಗಾಗಿ ಪಾಠ ಮುಗಿಯುವವರೆಗೂ ಗೌಡರು ನನ್ನೆದುರೇ ಕೂರುತ್ತಿದ್ದರು. ಸುಮ್ಮನೆ ಕೂತಿದ್ದರೆ ಪುಣ್ಯ! ಗೋದಾವರಿ ಎಲ್ಲಿ ಹುಟ್ಟುತ್ತದೆ ಎಂದು ಹುಡುಗನನ್ನು ಕೇಳಿದರೆ, "ನಾಸಿಕದ ಕಡೀಗ್ರಿ" ಎನ್ನುತ್ತಿದ್ದರು ಗೌಡರು. ಲೆಕ್ಕ ಕೊಟ್ಟರೆ ಹುಡುಗ ಪಾಟಿ ಹಿಡಿಯುವಷ್ಟರಲ್ಲಿ ಅವರು ಬೆರಳು ಮಡಚಿ ಉತ್ತರ ಹೇಳಿರುತ್ತಿದ್ದರು. ಮಗರಾಯ ಅಪ್ಪನ ಬಾಯಿ ನೋಡುತ್ತ ಹಾಯಾಗಿ ಇರುತ್ತಿದ್ದ.

"ಗೌಡ್ರ, ಅವ ಹೇಳ್ಲಿ ಬಿಡ್ರಿ."

"ಹೌದ್ರಿ, ತಪ್ಪಾತ್ರಿ" ಅನ್ನುವರು. ಮುಂದಿನ ಪ್ರಶ್ನೆಗೆ ಮತ್ತೆ ಅದೇ.

ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ, ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದನ್ನು ಕೇಳಿದೆ: "ಅಕ್ಬರನ ಅಪ್ಪ ಯಾರು?" ಹುಡುಗ ಆಕಳಿಸಿದ. "ಹುಮಾಯೂನ್ರಿ" ಎಂದರು ಗೌಡರು. ನನಗೆ ತಲೆ ಕೆಟ್ಟು ಹೋಯಿತು. ಪುಸ್ತಕ ಮುಚ್ಚಿ, "ಹಂಗಾರ ಪರೀಕ್ಷಾಕ್ಕ ನೀವ ಹೋಗಿ ಕುಂದರ್ರಿ!" ಎಂದು ಚೀರಿದೆ.

ಗೌಡರು ಸಿಟ್ಟಾಗಲಿಲ್ಲ. ರುಮಾಲು ಸರಿಮಾಡಿಕೊಂಡು, ಮಗನಿಗೆ ಕೇಳಿಸದಂತೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಈ ವಯಸ್ಸಿನ್ಯಾಗ ಕುಂದ್ರಾಕ ಬಿಡ್ತಾರೇನ್ರಿ, ಮಾಸ್ತರ?"