ದಸ್ತಗೀರಬಿಯ ಸೇವಂತಿ ಮಡಿ

ಇಳಕಲ್ಲಿನ ನಮ್ಮ ಓಣಿಯ ದಸ್ತಗೀರಬಿ ನಸುಕಿನಲ್ಲೇ ಅಂಗಳದ ಸೇವಂತಿ ಮಡಿಯ ಮುಂದೆ ತಲೆ ಬಗ್ಗಿಸಿ ಕೂತಿರುತ್ತಿದ್ದರು. ಅವರ ಗಂಡ ಜಾಫರಸಾಬರು ಬೇಸಿಗೆಯಲ್ಲಿ ತೀರಿಕೊಂಡಿದ್ದರಿಂದ, ಅಳುತ್ತಿದ್ದಾರೆಂದೇ ನಾನು ತಿಳಿದೆ. ವಾಕಿಂಗ್ ಹೊರಟವನು ಅವರ ಗೇಟು ಬಂದಾಗ ಚಪ್ಪಲಿ ಸಪ್ಪಳ ಕಡಿಮೆ ಮಾಡಿ, ಮುಖಕ್ಕೆ ಒಂದಿಷ್ಟು ಗಾಂಭೀರ್ಯ ತಂದುಕೊಂಡು ದಾಟುತ್ತಿದ್ದೆ. ಒಂದು ದಿನ ಅವರೇ ಕರೆದರು.

"ಅಣ್ಣಾರ, ನಿಮ್ಮ ಕಾಲಾಗ ಒಂದು ಐತಿ ನೋಡ್ರಿ. ತುಳೀಬ್ಯಾಡ್ರಿ, ಎತ್ತಿ ಬಕೀಟಿನಾಗ ಹಾಕ್ರಿ."

ಶಂಖದ ಹುಳು! ಅವರು ಅಳುತ್ತಿರಲಿಲ್ಲ, ಹುಳು ಆರಿಸುತ್ತಿದ್ದರು.

ಆ ಸೇವಂತಿ ಜಾಫರಸಾಬರದು. ಹೂ ಮುಗಿದ ಮೇಲೆ ಬುಡದ ಸಸಿ ಕಿತ್ತು ಮತ್ತೆ ಹಚ್ಚುತ್ತ, ಮದುವೆಯಾದಾಗಿನಿಂದ ಅದೊಂದೇ ತಳಿಯನ್ನು ಉಳಿಸಿಕೊಂಡು ಬಂದಿದ್ದರು. ಈ ಮಳೆಗಾಲದಲ್ಲಿ ಹುಳು ಚಿಗುರು ತಿಂದರೆ ತಳಿಯೇ ಮುಗಿಯಿತು. ಇದನ್ನು ದಸ್ತಗೀರಬಿ, ಇವತ್ತು ರೇಷನ್ ಅಂಗಡಿ ಬಂದ್ ಎನ್ನುವ ದನಿಯಲ್ಲಿ ಹೇಳಿದರು. ಗಂಡ ಹೋದ ಮೇಲೆ ಎಲ್ಲದಕ್ಕೂ ಅದೊಂದೇ ದನಿ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾರೆ, ರೊಟ್ಟಿ ಬಡಿಯುತ್ತಾರೆ, ಉಣ್ಣಲು ಮರೆಯುತ್ತಾರೆ.

ಎಷ್ಟು ಆರಿಸಿದರೂ ಹುಳು ಬರುತ್ತಲೇ ಇದ್ದವು. ಆಗ ಕಾಶಪ್ಪ ಬಂದರು. ಅವರು ಓಣಿಯ ಹಿತರಕ್ಷಣಾ ಸಮಿತಿಯ ಅಧ್ಯಕ್ಷರು. ಸದಸ್ಯರು ಯಾರೆಂದು ಅವರಿಗೂ ಗೊತ್ತಿಲ್ಲ.

"ಇಳಕಲ್ಲಾಗ ಇದ್ದು ಹುಳಕ್ಕ ಅಂಜತೀರೇನ್ರಿ ಭಾಬಿ?" ಎಂದು ಗ್ರಾನೈಟ್ ಪಾಲಿಶ್ ಮಾಡುವಲ್ಲಿಂದ ಒಂದು ಗೋಣಿಚೀಲ ಕಲ್ಲಿನ ಪುಡಿ ತಂದು ಮಡಿಯ ಸುತ್ತ ಸುರಿದರು. "ಇದು ಹುಳದ ಹೊಟ್ಟಿ ಕೊರೀತೈತಿ. ಒಂದೂ ದಾಟಂಗಿಲ್ಲ, ನಾ ಹೇಳ್ತೇನಿ!"

ಸಂಜೆ ಮಳೆ ಬಂತು. ಪುಡಿ ಗೋಡೆಯ ಗಿಲಾವಿನಂತೆ ಗಟ್ಟಿಯಾಯಿತು. ಹೊಸ ಡಾಂಬರು ರಸ್ತೆ ಸಿಕ್ಕಂತೆ ಹುಳುಗಳು ಅದರ ಮೇಲೆಯೇ ಹೋಗಿ ಅರ್ಧ ಮಡಿ ತಿಂದವು.

ದಸ್ತಗೀರಬಿ ಕಳೆ ತೆಗೆಯುವ ಕುರಪಿಯಿಂದ ಅದನ್ನು ಒಡೆದು ತೆಗೆದರು. ಮೂಲೆಯಲ್ಲಿ ತೊಯ್ದು ಬಿದ್ದಿದ್ದ ಖಾಲಿ ಚೀಲ ಎತ್ತಿದರೆ, ಕೆಳಗೆ ಹುಳುಗಳ ಸಂತೆ. ಅಂದಿನಿಂದ ಸಂಜೆ ಚೀಲ ತೋಯಿಸಿ ಹಾಸುವುದು, ನಸುಕಿನಲ್ಲಿ ಎತ್ತಿ, ಅಡಗಿದ್ದನ್ನೆಲ್ಲ ಉಪ್ಪುನೀರಿಗೆ ಹಾಕುವುದು. ಉಳಿದರ್ಧ ಮಡಿ ಚಿಗುರಿತು.

"ಚೀಲ ಯಾರದರೀ? ಅದನ್ನ ಮೊದಲ ಹೇಳ್ರಿ!" ಎಂದು ಕಾಶಪ್ಪ ಓಣಿಯ ತುಂಬ ಕೇಳುತ್ತಿದ್ದಾರೆ.

ಮೊನ್ನೆ ನಾನೂ ಸುಮ್ಮನಿರಲಾರದೆ ಕೇಳಿದೆ: "ಅಕ್ಕಾರ, ಹಿಂಗ ದಿನಾ ಆರಿಸಿದರ ಮನಸಿನ ದುಃಖ ಕಡಿಮಿ ಆಗತೈತೇನ್ರಿ?"

ಅವರು ತಲೆ ಎತ್ತಲಿಲ್ಲ.

"ಹುಳಾ ಕಡಿಮಿ ಆಗ್ತಾವ್ರಿ."