ಮೆಕ್ಯಾನಿಕ್ಕಿಗೆ ಹೆಸರು ಹಾಕ್ತಾರಾ?

ನನ್ನ ಥೀಸಿಸ್ಸಿನ ಗೈಡನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ವಯಸ್ಸಾದರೆ ಸಿಟ್ಟೆಲ್ಲ ತಣ್ಣಗಾಗುತ್ತದೆ ಅನ್ನುತ್ತಾರೆ. ನನಗೆ ಹಾಗಾಗಿಲ್ಲ, ಆಗಲಿ ಅಂತಲೂ ಅನ್ನಿಸಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಎಂ.ಫಾರ್ಮ್ ಓದುತ್ತಿದ್ದೆ. ಮನೆ ಎನ್.ಆರ್. ಕಾಲೋನಿಯಲ್ಲಿ, ಕಾಲೇಜು ಚಾಮರಾಜಪೇಟೆಯ ಕಡೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನನ್ನ ಗೈಡು ಆ ಕಾಲಕ್ಕೆ ದೊಡ್ಡ ಹೆಸರು. ಮಾತ್ರೆಯ ಪುಡಿ ಅಂಟಿಕೊಳ್ಳಲಿ ಅಂತ ಸೇರಿಸುವ ಗಂಜಿಯನ್ನು ತಮ್ಮದೇ ರೀತಿಯಲ್ಲಿ ಬೇಯಿಸಿ ಅವರೊಂದು ಮಾತ್ರೆ ಮಾಡಿದ್ದರು. ಅಂಗಡಿಯಲ್ಲಿ ಸಿಗುವ ಮಾತ್ರೆಗಿಂತ ಅದು ಬೇಗ ಕರಗುತ್ತದೆ ಎಂದು ಎರಡು ಪೇಪರು ಅಚ್ಚಾಗಿದ್ದವು. ಅದೇ ಕೆಲಸವನ್ನು ಬೇರೆ ಔಷಧಗಳ ಮೇಲೆ ಮುಂದುವರಿಸುವುದು ನನ್ನ ಪಾಲಿಗೆ ಬಂದಿತ್ತು.

ಕೆಲಸ ಕಷ್ಟದ್ದೇನೂ ಅಲ್ಲ, ಬೇಜಾರಿನದು. ಗಾಜಿನ ಜಾಡಿಯಲ್ಲಿ ಮೈಬಿಸಿಯಷ್ಟು ಬಿಸಿಯಾದ ನೀರು. ಅದರೊಳಗೆ ಒಂದು ಪುಟ್ಟ ತಂತಿಬುಟ್ಟಿ, ಬುಟ್ಟಿಯೊಳಗೆ ಮಾತ್ರೆ. ಮೇಲಿರುವ ಮೋಟಾರು ಆ ಬುಟ್ಟಿಯನ್ನು ನಿಮಿಷಕ್ಕೆ ನೂರು ಸುತ್ತು ತಿರುಗಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ಅದರಲ್ಲಿ ಎಷ್ಟು ಔಷಧ ಇಳಿದಿದೆ ಎಂದು ನೋಡಿ ಬರೆದುಕೊಳ್ಳಬೇಕು. ಇಷ್ಟೇ. ಆದರೆ ನನಗೆ ಒಂದೇ ಸಲಕ್ಕೆ ಮಾಡಿದ ಎರಡು ಮಾತ್ರೆಗಳು ಒಂದೇ ದಿನ ಬೇರೆಬೇರೆ ಉತ್ತರ ಕೊಡುತ್ತಿದ್ದವು. ಬೆಳಿಗ್ಗೆ ಇಪ್ಪತ್ತು ನಿಮಿಷಕ್ಕೆ ಕರಗಿದ್ದು ಮಧ್ಯಾಹ್ನ ಅರ್ಧ ಗಂಟೆಯಾದರೂ ಕರಗುತ್ತಿರಲಿಲ್ಲ.

ಗೈಡಿಗೆ ತೋರಿಸಿದೆ. ಅವರು ನೋಟ್‌ಬುಕ್ಕನ್ನು ಪೂರ್ತಿ ನೋಡಲೂ ಇಲ್ಲ.

"ಕೈ ಸರಿಯಿಲ್ಲಮ್ಮ ನಿಂದು. ಅಡುಗೆಮನೇಲಿ ಅಳತೆ ತಪ್ಪಿದ್ರೂ ನಡಿಯತ್ತೆ, ಇಲ್ಲಿ ನಡಿಯಲ್ಲ."

ನಾಲ್ಕು ತಿಂಗಳು ನಾನು ನನ್ನ ಕೈಯನ್ನೇ ದೂರಿಕೊಂಡೆ. ಒಂದೊಂದು ಅಳತೆಯನ್ನೂ ಮೂರು ಮೂರು ಸಲ ತೆಗೆದೆ.

ಆಗ ಸಂಜೆ ಹೊತ್ತು ಗಾಂಧಿ ಬಜಾರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದೆ, ಥೀಸಿಸ್ಸನ್ನು ನಾನೇ ಟೈಪ್ ಮಾಡಿಕೊಳ್ಳೋಣ ಅಂತ. ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವಳು ನನಗಿಂತ ಆರೇಳು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಇಲ್ಲೂ ಅಕ್ಕ ಎಂದೇ ಬರೆಯುತ್ತೇನೆ. ಮನೆ ಮಾವಳ್ಳಿಯಲ್ಲಿ. ಅಪ್ಪ ಲಾಲ್‌ಬಾಗಿನಲ್ಲಿ ತೋಟದ ಕೆಲಸದಲ್ಲಿದ್ದವರು. ಅಕ್ಕ ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹುಡುಗರಿಗೆ ಪ್ರಯೋಗ ಜೋಡಿಸಿಕೊಡುವುದು, ಅವರು ಸುಟ್ಟುಹಾಕಿದ್ದನ್ನು ರಿಪೇರಿ ಮಾಡುವುದು.

ಒಂದು ದಿನ ಟೈಪಿಂಗ್ ಮುಗಿಸಿ ಕಾಫಿ ಕುಡಿಯುವಾಗ ಮಾತ್ರೆಯ ಗೋಳನ್ನೆಲ್ಲ ಅವಳ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ಮೋಟಾರು ನೂರು ಸುತ್ತು ತಿರುಗ್ತಿದೆ ಅಂತ ನಿಂಗೆ ಯಾರು ಹೇಳಿದ್ದು?"

"ಅದರ ಮೇಲೇ ಬರ್ದಿದೆಯಲ್ಲ ಅಕ್ಕ."

"ಬರ್ದಿರೋದು ತಿರುಗಲ್ಲ. ನಾಳೆ ಸೀಮೇಸುಣ್ಣದಲ್ಲಿ ಒಂದು ಗೆರೆ ಎಳೆದು, ವಾಚ್ ಇಟ್ಕೊಂಡು ಎಣಿಸು. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ."

ಎಣಿಸಿದೆ. ಬೆಳಿಗ್ಗೆ ನೂರರ ಹತ್ತಿರವೇ ಇತ್ತು. ಹನ್ನೊಂದು ಗಂಟೆ ದಾಟಿ ಹಿಂದಿನ ಬೀದಿಯ ಕರೆಂಟಿನ ಮಗ್ಗಗಳು, ಲೇತ್ ಮಿಷನ್ನುಗಳು ಎಲ್ಲ ಒಟ್ಟಿಗೆ ಶುರುವಾದಾಗ ಕರೆಂಟು ಇಳಿದು ಲ್ಯಾಬಿನ ಬಲ್ಬು ಕೆಂಪಗಾಗುತ್ತಿತ್ತು. ಅದನ್ನು ದಿನಾ ನೋಡುತ್ತಲೇ ಇದ್ದೆ. ಬಲ್ಬಿನ ಜೊತೆ ಮೋಟಾರೂ ಕುಂಟುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ. ಮಧ್ಯಾಹ್ನ ಎಣಿಸಿದರೆ ಎಪ್ಪತ್ತು ಚಿಲ್ಲರೆ. ಬುಟ್ಟಿ ನಿಧಾನ ತಿರುಗಿದರೆ ಮಾತ್ರೆ ನಿಧಾನ ಕರಗದೆ ಇನ್ನೇನು ಮಾಡುತ್ತದೆ? ನನ್ನ ಕೈ ಸರಿಯಾಗಿಯೇ ಇತ್ತು!

ಅಕ್ಕ ಎರಡು ತಿಂಗಳು ತನ್ನ ಭಾನುವಾರಗಳನ್ನು ನನಗೆ ಕೊಟ್ಟಳು. ಹಳೆಯ ಮೋಟಾರನ್ನು ಕಿತ್ತುಹಾಕಿ ಹೊಲಿಗೆ ಮಿಷನ್ನಿನ ಮೋಟಾರು ಕೂರಿಸಿದಳು. ಅಂಚಿನಲ್ಲಿ ತೂತು ಕೊರೆದ ಒಂದು ತಗಡಿನ ಬಿಲ್ಲೆಯನ್ನು ಅದರ ಜೊತೆ ತಿರುಗುವ ಹಾಗೆ ಕಟ್ಟಿದಳು. ಬಿಲ್ಲೆಯ ಈಚೆಗೊಂದು ಪುಟ್ಟ ಬಲ್ಬು, ಆಚೆಗೆ ಬೆಳಕು ಬಿದ್ದರೆ ಎಚ್ಚರವಾಗುವ ಒಂದು ಟ್ರಾನ್ಸಿಸ್ಟರು. ತೂತುಗಳು ಎಷ್ಟು ಬೇಗ ಹಾದುಹೋಗುತ್ತವೆ ಎಂದು ಸರ್ಕ್ಯೂಟಿಗೆ ಗೊತ್ತಾಗುತ್ತಿತ್ತು. ನಿಧಾನವಾದರೆ ಮೋಟಾರಿಗೆ ಹೆಚ್ಚು ಕರೆಂಟು ಬಿಡುತ್ತಿತ್ತು, ಜೋರಾದರೆ ಕಡಿಮೆ ಮಾಡುತ್ತಿತ್ತು. ಇಷ್ಟನ್ನೂ ಒಂದು ಬಿಸ್ಕತ್ತಿನ ಡಬ್ಬದೊಳಗೆ ಕೂರಿಸಿದಳು. ಮಾವಳ್ಳಿಯ ಅವರ ಮನೆಯ ಹಜಾರದಲ್ಲಿ, ಬುದ್ಧನ ಪಟದ ಕೆಳಗೆ ಚಾಪೆ ಹಾಸಿಕೊಂಡು ಅವಳು ಬೆಸುಗೆ ಹಾಕುವುದು, ನಾನು ತಂತಿ ಹಿಡಿದುಕೊಳ್ಳುವುದು. ಅವರಮ್ಮ ಮುದ್ದೆ ಸಾರು ಮಾಡಿ ಬಲವಂತ ಮಾಡಿ ಉಣ್ಣಿಸುತ್ತಿದ್ದರು.

ಒಂದು ಭಾನುವಾರ ಅಕ್ಕ ನಮ್ಮ ಮನೆಗೂ ಬಂದಳು. ಅಮ್ಮ ನಗುನಗುತ್ತಲೇ ಕಾಫಿ ಕೊಟ್ಟಳು, ಮನೆ ಎಲ್ಲಿ, ಯಾರ ಪೈಕಿ ಎಂದು ವಿಚಾರಿಸಿದಳು. ಅಕ್ಕ ಮುಚ್ಚಿಡದೆ ಹೇಳಿದಳು. ಕಾಫಿ ಕುಡಿದಾದ ಮೇಲೆ ಅಮ್ಮ ಆ ಲೋಟವನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗದೆ ಹಿತ್ತಿಲ ಬಾಗಿಲಿನ ಆಚೆ ಇಟ್ಟಳು. ನಾನು ನೋಡಿದೆ. ನಾನು ನೋಡಿದ್ದನ್ನು ಅಕ್ಕ ನೋಡಿದಳು. ನಾನು ಡಬ್ಬದ ಮಾತು ತೆಗೆದೆ. ಆಮೇಲೆ ಅಕ್ಕ ನಮ್ಮ ಮನೆಗೆ ಬರಲಿಲ್ಲ. ನಾನು ಮಾತ್ರ ಮಾವಳ್ಳಿಗೆ ಹೋಗಿ ಮುದ್ದೆ ಉಣ್ಣುತ್ತಲೇ ಇದ್ದೆ.

ಡಬ್ಬ ಲ್ಯಾಬಿಗೆ ಬಂತು. ಬಲ್ಬು ಕೆಂಪಗಾದರೂ ಬುಟ್ಟಿ ನೂರು ಸುತ್ತು ಬಿಡಲಿಲ್ಲ. ಬೆಳಿಗ್ಗೆಯ ಉತ್ತರವೂ ಮಧ್ಯಾಹ್ನದ ಉತ್ತರವೂ ಒಂದೇ ಆಯಿತು. ಆ ಖುಷಿಯಲ್ಲಿ ನನಗೊಂದು ಯೋಚನೆ ಬಂತು. ಗೈಡಿನ ಎರಡು ಪೇಪರಿನ ಕೆಲಸ ನಡೆದಿದ್ದೂ ಇದೇ ಲ್ಯಾಬಿನಲ್ಲಿ, ಹಳೆಯ ಮೋಟಾರಿನಲ್ಲಿ ತಾನೆ? ಬೀರುವಿನಲ್ಲಿದ್ದ ಅವರ ಹಳೆಯ ನೋಟ್‌ಬುಕ್ಕು ತೆಗೆದೆ. ಪುಣ್ಯಾತ್ಮರು ಪ್ರತಿ ಪ್ರಯೋಗಕ್ಕೂ ಗಂಟೆ ಬರೆದಿದ್ದರು. ಅವರ ಸ್ವಂತ ಮಾತ್ರೆಗಳೆಲ್ಲ ಬೆಳಿಗ್ಗೆ ಕರಗಿದ್ದವು. ಅಂಗಡಿಯ ಮಾತ್ರೆಗಳೆಲ್ಲ ಮಧ್ಯಾಹ್ನ.

ಹೊಸ ಮೋಟಾರಿನಲ್ಲಿ ಎರಡು ಬಗೆಯ ಮಾತ್ರೆಗಳನ್ನೂ ಮತ್ತೆ ಕರಗಿಸಿದೆ. ಒಂದು ವಾರ ಮಾಡಿದೆ. ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅದನ್ನೇ ಥೀಸಿಸ್ಸಿನ ಒಂದು ಚಾಪ್ಟರಾಗಿ ಬರೆದಿಟ್ಟೆ.

ಗೈಡು ಬೇಕೆಂದೇ ಮೋಸ ಮಾಡಿದರು ಅಂತ ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅನ್ನುವುದಿಲ್ಲ. ತಪ್ಪು ಯಾರಿಗಾದರೂ ಆಗುತ್ತದೆ. ಅದಕ್ಕೇ ಧೈರ್ಯವಾಗಿ ಹೋಗಿ ಹೇಳಿದೆ, ಅವರಿಗೂ ಕುತೂಹಲವಾಗುತ್ತದೆ ಅಂದುಕೊಂಡು. ಎಂಥ ಪೆದ್ದಿ ನಾನು! ಅವರು ನನ್ನ ಅಂಕಿಗಳನ್ನು ನೋಡಿದರು. ಈ ಸಲ ಪೂರ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈ ಚಾಪ್ಟರ್ ಥೀಸಿಸ್ಸಲ್ಲಿ ಬೇಡ. ಇದು ನಿನ್ನ ಟಾಪಿಕ್ ಅಲ್ಲ."

"ಸಾರ್, ಆದ್ರೆ ಹಳೇ ಪೇಪರಲ್ಲಿ..."

"ಬೇಡ ಅಂದೆನಲ್ಲ." ಆಮೇಲೆ ದನಿ ಮೆತ್ತಗಾಯಿತು. "ಆ ಡಬ್ಬ ಮಾತ್ರ ಚೆನ್ನಾಗಿದೆ. ಅದರ ಡ್ರಾಯಿಂಗ್ ತಂದುಕೊಡು. ಒಂದು ಪೇಪರ್ ಮಾಡೋಣ."

ಅಕ್ಕನಿಂದ ಇಸಿದುಕೊಂಡು ತಂದುಕೊಟ್ಟೆ. ಹದಿನೈದು ದಿನಕ್ಕೆ ಪೇಪರು ತಯಾರಾಯಿತು. ಮೊದಲ ಹೆಸರು ಗೈಡಿನದು. ಎರಡನೆಯದು ಅವರ ಸ್ನೇಹಿತರಾದ ಒಬ್ಬ ಎಲೆಕ್ಟ್ರಾನಿಕ್ಸ್ ಪ್ರೊಫೆಸರದು. ಆ ಮನುಷ್ಯ ಡಬ್ಬದ ಮುಚ್ಚಳ ತೆಗೆದು ನೋಡಿದವರೇ ಅಲ್ಲ. ಮೂರನೆಯದು ನನ್ನದು. ಅಕ್ಕನ ಹೆಸರು ಕೊನೆಯ ವಂದನೆಯ ಸಾಲಿನಲ್ಲೂ ಇರಲಿಲ್ಲ.

"ಸಾರ್, ಇದನ್ನ ಮಾಡಿದ್ದು ಅವರು. ಪೂರ್ತಿ ಅವರೇ."

"ಯಾರು, ಆ ಡಿಪ್ಲೊಮಾದವಳಾ? ಮೆಕ್ಯಾನಿಕ್ಕಿಗೆ ಪೇಪರಲ್ಲಿ ಹೆಸರು ಹಾಕ್ತಾರಾ? ಹಾಗಾದ್ರೆ ಗಾಜು ತೊಳೆಯೋನ ಹೆಸರೂ ಹಾಕೋಣ." ಆಮೇಲೆ, "ಅವರಿಗೆಲ್ಲ ಈಗ ಸರ್ಕಾರ ಬೇಕಾದಷ್ಟು ಮಾಡ್ತಿದೆ, ನೀನು ತಲೆ ಕೆಡಿಸ್ಕೋಬೇಡ" ಅಂದರು.

ಅವಳು ಯಾರ ಪೈಕಿ ಎಂದು ವಿಚಾರಿಸಿಕೊಂಡಿದ್ದರು ಎಂದಾಯಿತು.

ಪತ್ರಿಕೆಗೆ ಕಳಿಸುವ ಕಾಗದಕ್ಕೆ ಮೂವರ ಸಹಿ ಬೇಕಿತ್ತು. ನಾನು ನಾಳೆ ಹಾಕುತ್ತೇನೆ ಅಂತ ಮೂರು ದಿನ ತಪ್ಪಿಸಿಕೊಂಡೆ. ನಾಲ್ಕನೆಯ ದಿನ ಹೋದರೆ ಮೇಜಿನ ಮೇಲೆ ನನ್ನ ಥೀಸಿಸ್ಸು ಇತ್ತು, ಅದರ ಪಕ್ಕದಲ್ಲೇ ಆ ಕಾಗದ. ಗೈಡು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಹಿಡಿದರು. ನಾನು ಕಾಗದಕ್ಕೆ ಸಹಿ ಹಾಕಿದೆ. ಅವರು ಥೀಸಿಸ್ಸಿಗೆ ಸಹಿ ಹಾಕಿದರು. ಆ ಚಾಪ್ಟರು ಅದರಲ್ಲಿರಲಿಲ್ಲ.

ಥೀಸಿಸ್ಸು ಮುಗಿಯಿತೆಂದು ಮನೆಯಲ್ಲಿ ಸಜ್ಜಿಗೆ ಮಾಡಿದರು. ಅಕ್ಕನಿಗೆ ನಾನು ಏನೂ ಹೇಳಲಿಲ್ಲ. ಟೈಪಿಂಗಿಗೆ ಹೋಗುವುದನ್ನು ನಿಲ್ಲಿಸಿದೆ.

ಪತ್ರಿಕೆ ಬಂದದ್ದು ಆರೇಳು ತಿಂಗಳಾದ ಮೇಲೆ. ನಾನು ಅದೇ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಹೆಗಲಿಗೆ ಒಂದು ಬಟ್ಟೆಯ ಚೀಲ. ಪತ್ರಿಕೆ ಅವಳ ಕಾಲೇಜಿನ ಲೈಬ್ರರಿಗೂ ಬಂದಿತ್ತು.

"ನಿನ್ನ ಹೆಸರಿದೆ," ಅಂದಳು. "ಅಂದ್ರೆ ನಿಂಗೆ ಗೊತ್ತಿತ್ತು."

"ಅಕ್ಕ, ನಾನು ಹೇಳ್ದೆ ಅವರಿಗೆ, ಎಷ್ಟು ಹೇಳ್ದೆ..."

"ಹೇಳಿ ಆಮೇಲೆ ಸಹಿ ಹಾಕ್ದೆಯಲ್ಲ?"

ಅವಳು ನನ್ನನ್ನು ದಾಟಿ ಒಳಗೆ ಹೋದಳು. ಪ್ಲಗ್ಗು ಕಿತ್ತಳು. ಚೀಲದಿಂದ ಸ್ಕ್ರೂಡ್ರೈವರು ತೆಗೆದು ಒಂದೊಂದೇ ಸ್ಕ್ರೂ ಬಿಚ್ಚತೊಡಗಿದಳು. ಬುಟ್ಟಿ ನಿಂತಿತು. ಪ್ರಯೋಗ ಮಾಡುತ್ತಿದ್ದ ವಿದ್ಯಾರ್ಥಿ ಗಾಬರಿಯಾಗಿ ಗೈಡನ್ನು ಕರೆದುಕೊಂಡು ಬಂದ.

"ಏಯ್, ಯಾರಮ್ಮ ನೀನು? ಕಾಲೇಜಿನ ಸಾಮಾನು ಅದು. ಪೊಲೀಸರನ್ನ ಕರೀತೀನಿ."

ಅಕ್ಕ ತಿರುಗಿ ನೋಡದೆ ಕೊನೆಯ ಸ್ಕ್ರೂ ಬಿಚ್ಚಿ, ಸ್ಕ್ರೂಗಳನ್ನೆಲ್ಲ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು.

"ಕರೀರಿ ಸಾರ್. ಇದು ಕಾಲೇಜಿನ ಯಾವ ಪುಸ್ತಕದಲ್ಲಿ ಬರ್ಕೊಂಡಿದೀರ, ತೋರಿಸಿ. ಮೋಟಾರು ನಮ್ಮಮ್ಮನ ಹೊಲಿಗೆ ಮಿಷನ್ನಿಂದು."

ಅದು ನನಗೂ ಗೊತ್ತಿರಲಿಲ್ಲ. ಮೋಟಾರು ಎಲ್ಲಿಂದ ತಂದಳು ಅಂತ ಒಂದು ಸಲವೂ ಕೇಳಿರಲಿಲ್ಲ.

"ಇದಿಲ್ದೆ ಇಲ್ಲಿ ಕೆಲಸ ನಿಲ್ಲತ್ತೆ!" ಗೈಡು ಕಿರುಚಿದರು.

"ಯಾಕೆ ನಿಲ್ಲತ್ತೆ? ಮಾಡೋದು ಹೇಗೆ ಅಂತ ನೀವೇ ಬರ್ದಿದೀರಲ್ಲ. ನೋಡ್ಕೊಂಡು ಇನ್ನೊಂದು ಮಾಡ್ಕೊಳ್ಳಿ."

ಡಬ್ಬವನ್ನೂ ಮೋಟಾರನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದು ಹೋದಳು. ಯಾರೂ ತಡೆಯಲಿಲ್ಲ. ನಾನೂ ಹಿಂದೆ ಹೋಗಲಿಲ್ಲ.

ಎರಡನೆಯ ಹೆಸರಿನ ಪ್ರೊಫೆಸರು ಎರಡು ಸಲ ಪ್ರಯತ್ನಪಟ್ಟರು. ಮೊದಲನೆಯ ಸಲ ಬುಟ್ಟಿ ಜಗ್ಗಿ ಜಗ್ಗಿ ತಿರುಗಿತು, ಎರಡನೆಯ ಸಲ ಸುಟ್ಟ ವಾಸನೆ ಬಂತು. ಅಕ್ಕ ಡ್ರಾಯಿಂಗ್ ಆದ ಮೇಲೂ ಏನೇನೋ ಬದಲಾಯಿಸಿದ್ದಳು, ಅದು ಕಾಗದದ ಮೇಲಿರಲಿಲ್ಲ. ಕಡೆಗೆ ಬೀರುವಿನ ಹಿಂದಿನಿಂದ ಹಳೆಯ ಮೋಟಾರು ಹೊರಗೆ ಬಂತು. ನನ್ನ ನಂತರದ ವಿದ್ಯಾರ್ಥಿಗಳು ಅದರಲ್ಲೇ ಮಾತ್ರೆ ಕರಗಿಸಿದರು, ಮಧ್ಯಾಹ್ನದ ಮಗ್ಗಗಳ ಜೊತೆಗೆ. ಅವರಿಗೆ ಹೇಳಬಾರದಿತ್ತಾ ಎಂದು ನೀವು ಕೇಳಬಹುದು. ಇಬ್ಬರಿಗೆ ಹೇಳಿದೆ. ನಂತರದ ವರ್ಷ ನನ್ನ ತಾತ್ಕಾಲಿಕ ಕೆಲಸ ಮುಂದುವರಿಯಲಿಲ್ಲ.

ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವೆ ಗೈಡು ನಿವೃತ್ತರಾದರು. ಅಭಿನಂದನಾ ಗ್ರಂಥ ತರುತ್ತಿದ್ದೇವೆ, ಶಿಷ್ಯೆಯಾಗಿ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯಿಂದ ಕಾಗದ ಬಂತು. ಬರೆದೆ. ಮೋಟಾರು, ಡಬ್ಬ, ಹಳೆಯ ನೋಟ್‌ಬುಕ್ಕಿನ ಗಂಟೆಗಳು, ಅಕ್ಕನ ಹೆಸರು, ನನ್ನ ಸಹಿ, ಎಲ್ಲವನ್ನೂ ಬರೆದು ಕಳಿಸಿದೆ. 'ಸಂದರ್ಭಕ್ಕೆ ಹೊಂದುವುದಿಲ್ಲ' ಎಂಬ ಒಂದು ಸಾಲಿನ ಜೊತೆ ವಾಪಸ್ಸು ಬಂತು.

ಅದನ್ನು ತೆಗೆದುಕೊಂಡು ಮಾವಳ್ಳಿಗೆ ಹೋದೆ. ಅಕ್ಕ ಅದೇ ಮನೆಯಲ್ಲಿದ್ದಳು. ಸಂಜೆ ಕಾಲೇಜಿನಲ್ಲಿ ಓದಿ ಇಂಜಿನಿಯರಾಗಿ ಒಳ್ಳೆಯ ಕೆಲಸದಲ್ಲಿದ್ದಾಳೆ ಎಂದು ಬೀದಿಯವರು ಹೇಳಿದರು. ಬಾಗಿಲಲ್ಲೇ ನಿಂತು ಹಾಳೆಗಳನ್ನು ಪೂರ್ತಿ ಓದಿದಳು. ಒಂದು ಕಡೆ ನಿಲ್ಲಿಸಿ, ಒಳಗಿನಿಂದ ಪೆನ್ಸಿಲ್ ತಂದು ಏನೋ ತಿದ್ದಿದಳು.

"ಬಲ್ಬು ಹನ್ನೆರಡು ವೋಲ್ಟಿಂದಲ್ಲ, ಆರರದ್ದು. ನೀವು ತಪ್ಪು ಬರ್ದಿದೀರ," ಅಂದಳು.

ನನ್ನನ್ನು ಅವಳು ಎಂದೂ ನೀವು ಅಂದವಳಲ್ಲ.

"ಇದನ್ನ ಎಲ್ಲಾದ್ರೂ ಅಚ್ಚು ಹಾಕಿಸ್ತೀನಿ ಅಕ್ಕ."

"ಹಾಕ್ಸಿ. ಆದ್ರೆ ನನ್ನ ಹೆಸರು ತೆಗೆದುಬಿಡಿ. ಬೇಕಾಗಿದ್ದಾಗ ಇರಲಿಲ್ಲ. ಈಗ ನಿಮ್ಮ ಮನಸ್ಸಿನ ಭಾರ ಇಳಿಸೋಕೆ ನನ್ನ ಹೆಸರು ಯಾಕೆ?"

ಹಾಳೆಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಒಲೆಯ ಮೇಲೆ ಏನೋ ಇಟ್ಟಿದೀನಿ, ಬರ್ತೀನಿ ಅಂದು ಒಳಗೆ ಹೋದಳು. ಅವಳು ಹೇಳಿದ ಹಾಗೆ ಈ ಬರಹದಿಂದ ಹೆಸರು ತೆಗೆದಿದ್ದೇನೆ. ಅವಳದೊಂದನ್ನೇ ತೆಗೆದು ಬೇರೆಯವರದು ಉಳಿಸುವುದು ಸರಿಯಲ್ಲ ಅನ್ನಿಸಿ ಎಲ್ಲರದೂ ತೆಗೆದೆ. ಹಾಗಾಗಿ ಗೈಡಿನ ಹೆಸರೂ ಇಲ್ಲಿಲ್ಲ. ಅದೊಂದು ವಿಷಯಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.